ಮಾದೇವಿ 'ಮಾದಪ್ಪೇವಿ' ಆದ ಕಥೆ

ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯ ಇದು. ನನ್ನದೇ ತಪ್ಪಿನ ಕಥೆಯಾದ್ದರಿಂದ ಮುಂದೂಡುತ್ತಾ ಬಂದೆ. ಈಗ ಮತ್ತೆ ಪ್ರಮಾಣ ಪತ್ರಗಳ ಕಾಲ. ನನ್ನಂತೆ ಶಾಲೆಯ ಕಂಪ್ಯೂಟರ್ ಕೆಲಸವನ್ನೆಲ್ಲ ತಲೆಗೆ ಕಟ್ಟಿಸಿಕೊಂಡಿರುವ ಮೇಷ್ಟ್ರುಗಳು, ಟೀಚರ್‌ಗಳು ಸುತ್ತ ಎಷ್ಟೋ ಜನ ಇದ್ದೀರಿ. ನಿಮಗಾದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವನಲ್ಲ. ಟಿಸಿಎಚ್ ಮಾಡಿ, ಆಮೇಲೆ ಅಂಚೆ ಮೂಲಕ ಬಿ.ಎ. ಮುಗಿಸಿದವನು. ಪಾಠ ಮಾಡುವುದು ತಾಳವಾಡಿ ಬೆಟ್ಟದ ಮೇಲಿನ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮಕ್ಕಳ ಮಾತು ಕನ್ನಡ. ಮಳೆ ಕೈಕೊಟ್ಟ ವರ್ಷ ನಮ್ಮೂರುಗಳ ಅರ್ಧ ಜನ ದಿಂಬಂ ಘಾಟಿಯ 27 ತಿರುವು ಇಳಿದು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೋ ಕೊಯಮತ್ತೂರಿನ ಕಟ್ಟಡ ಕೆಲಸಕ್ಕೋ ಹೋಗುತ್ತಾರೆ. ಮಕ್ಕಳು ಅಜ್ಜಿಯ ಜೊತೆ ಇಲ್ಲೇ ಉಳಿದು ಓದುತ್ತಾರೆ. ಹತ್ತನೇ ತರಗತಿ ಆದಮೇಲೆ ಕೆಲವರು ತಾವೂ ಇಳಿಯುತ್ತಾರೆ.

ಹೀಗೆ ಇಳಿದವರಲ್ಲಿ ಕೆಲವರಿಗೆ ಮುಂದೆ ಯಾವಾಗಲೋ ಕರ್ನಾಟಕದಲ್ಲಿ ಓದುವ ಆಸೆ ಬರುತ್ತದೆ. ಅಲ್ಲಿನ ಅರ್ಜಿಗಳಲ್ಲಿ 'ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದ ಪ್ರಮಾಣ ಪತ್ರ' ಕೇಳುತ್ತಾರೆ. ಆಗ ನಮ್ಮ ಶಾಲೆಯ ಬಾಗಿಲಿಗೆ ಬರುತ್ತಾರೆ. 2023ರ ಬೇಸಿಗೆಯಲ್ಲಿ ಅಂಥ ಪತ್ರ ಬೇಕಾದವರ ಪಟ್ಟಿ 43ಕ್ಕೆ ಮುಟ್ಟಿತು. "ನೀವೇ ಏನಾದ್ರೂ ಮಾಡಿ ಮೇಷ್ಟ್ರೇ, ಕಂಪ್ಯೂಟರಿನಲ್ಲಿ ಬೇಗ ಆಗುತ್ತಲ್ಲ" ಅಂದರು ಹೆಡ್ ಮಾಸ್ತರು. ಪಟ್ಟಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಮೇ ರಜೆಗೆ ಅಕ್ಕನ ಮನೆಗೆ ಹೊರಟೆ.

ಅಕ್ಕನನ್ನು ಕೊಟ್ಟಿರುವುದು ಕೊಯಮತ್ತೂರು ಜಿಲ್ಲೆಯ ಸಿರುಮುಗೈಗೆ. ಮೇಟ್ಟುಪಾಳ್ಯದ ಹತ್ತಿರ, ರೇಷ್ಮೆ ಸೀರೆಗೆ ಹೆಸರಾದ ಊರು. ನೇಯುವ ದೇವಾಂಗರ ಮನೆಗಳಲ್ಲಿ ಕನ್ನಡ ಮಾತಾಡುತ್ತಾರೆ, ಓದುಬರಹವೆಲ್ಲ ತಮಿಳು. ಅಕ್ಕನ ಮಗನೂ ಹಾಗೇ. ನನ್ನ ಜೊತೆ ಕನ್ನಡದಲ್ಲೇ ಹರಟುತ್ತಾನೆ, ಆದರೆ ಕನ್ನಡದ ಒಂದು ಅಕ್ಷರ ಓದಲು ಬಾರದು. (ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.) ತಿರುಪ್ಪೂರಿನ ಒಂದು ಚಿಕ್ಕ ಆಫೀಸಿನಲ್ಲಿ ಅವನ ಕೆಲಸ. ಬನಿಯನ್ ಕಂಪನಿಗಳಿಗೆ ಲೇಬಲ್, ಬಿಲ್ಲು, ಪೆಟ್ಟಿಗೆ ಮೇಲಿನ ಚೀಟಿ ತಯಾರು ಮಾಡುವ ಪ್ರೋಗ್ರಾಮ್ ಬರೆಯುತ್ತಾನೆ. ಪ್ಲಸ್ ಟೂ ಓದುವಾಗ ತಮಿಳುನಾಡು ಸರ್ಕಾರ ಉಚಿತವಾಗಿ ಕೊಟ್ಟ ಲ್ಯಾಪ್‌ಟಾಪ್ ಇನ್ನೂ ಮನೆಯಲ್ಲಿತ್ತು. ಅದರಲ್ಲಿ ಲಿನಕ್ಸ್ ಇತ್ತು. ನನ್ನ ಪಾಠ ಶುರುವಾದದ್ದು ಅದರ ಮೇಲೆ.

"ಮಾಮಾ, ನೀವು ಇದುವರೆಗೂ ಹೇಗೆ ಮಾಡ್ತಿದ್ರಿ?" ಅಂತ ಕೇಳಿದ.

ಹೇಳಿದೆ. ಹೋದ ವರ್ಷದ ಒಂದು ಪತ್ರ ತೆಗೆಯುವುದು. ಅದರಲ್ಲಿ ಹಳೇ ಹುಡುಗನ ಹೆಸರು ಹುಡುಕಿ ಹೊಸ ಹುಡುಗನ ಹೆಸರು ಹಾಕುವುದು. ಅದೇ 'ಫೈಂಡ್ ಅಂಡ್ ರಿಪ್ಲೇಸ್'. ಹೋದ ವರ್ಷ ಅದರಲ್ಲೇ ಒಂದು ಫಜೀತಿ ಆಗಿತ್ತು. ಹಳೇ ಹುಡುಗನ ಹೆಸರು ಮಾದ. ಅದನ್ನು ತೆಗೆದು ರಂಗಸ್ವಾಮಿ ಅಂತ ಹಾಕಿದರೆ, ಪತ್ರದ ಕೊನೆಯಲ್ಲಿದ್ದ 'ಮಾದರಿ ಸಹಿ' ಅನ್ನುವುದು 'ರಂಗಸ್ವಾಮಿರಿ ಸಹಿ' ಆಗಿತ್ತು! 'ಮಾದರಿ' ಒಳಗೂ ಒಬ್ಬ ಮಾದ ಕೂತಿದ್ದಾನೆ ಅಂತ ನನಗೇನು ಗೊತ್ತು?

ಅವನು ನಕ್ಕು, "ಒಬ್ಬರ ಹೆಸರನ್ನ ಇನ್ನೊಬ್ಬರ ಮೇಲೆ ಹಾಕಬೇಡಿ ಮಾಮಾ. ಹೆಸರು ಬರೋ ಜಾಗವನ್ನ ಖಾಲಿ ಬಿಡಿ. ಆ ಜಾಗಕ್ಕೆ ಒಂದು ಗುರುತು ಇಡಿ" ಅಂದ. ಪತ್ರದಲ್ಲಿ ಹೆಸರಿನ ಜಾಗದಲ್ಲಿ @ಹೆಸರು@ ಅಂತಲೂ, ಹುಟ್ಟಿದ ದಿನದ ಜಾಗದಲ್ಲಿ @ದಿನಾಂಕ@ ಅಂತಲೂ ಬರೆಸಿದ. @ ಗುರುತು ನಮ್ಮ ಪತ್ರದಲ್ಲಿ ಬೇರೆಲ್ಲೂ ಬರುವುದಿಲ್ಲ, ಹಾಗಾಗಿ ಗೊಂದಲವಿಲ್ಲ. ಪ್ರೋಗ್ರಾಮ್ ಪಟ್ಟಿಯ ಒಂದೊಂದೇ ಸಾಲು ಓದುತ್ತದೆ, ಆ ಸಾಲಿನ ಹೆಸರನ್ನು ಒಂದು 'ವೇರಿಯಬಲ್'ನಲ್ಲಿ ಇಟ್ಟುಕೊಳ್ಳುತ್ತದೆ, ಗುರುತಿನ ಜಾಗಕ್ಕೆ ಅದನ್ನು ತುಂಬುತ್ತದೆ.

ವೇರಿಯಬಲ್ ಅಂದರೆ ನಮ್ಮ ಗಣಿತದ ಪುಸ್ತಕದ ಚರಾಕ್ಷರವೇ. 'ಎಕ್ಸ್ ಎಂಬುದು 5 ಆಗಿದ್ದರೆ' ಅಂತ ಬೋರ್ಡಿನ ಮೇಲೆ ಬರೆಯುತ್ತೇವಲ್ಲ, ಹಾಗೆ. ಎಕ್ಸ್ ಒಂದು ಪಾತ್ರೆ, ಒಳಗಿರುವುದು ಬದಲಾಗುತ್ತದೆ. ಭಾವನಿಗೆ ಬೇಗ ಅರ್ಥವಾಯಿತು. ಮಗ್ಗದ ಮೇಲೆ ತೂಗಾಡುವ ಜಕಾರ್ಡ್ ಅಟ್ಟೆಗಳನ್ನು ತೋರಿಸಿ, "ಡಿಸೈನ್ ಅದೇ ಇರತ್ತೆ, ಲಾಳಿಯಲ್ಲಿ ನೂಲಿನ ಬಣ್ಣ ಬದಲಾಯಿಸ್ತೀವಿ. ಅಷ್ಟೇ ತಾನೆ?" ಅಂದರು. ಅಷ್ಟೇ!

ಇನ್ನೊಂದು ಪದವೂ ಆವತ್ತೇ ಕಲಿತೆ: 'ರೆಗ್ಯುಲರ್ ಎಕ್ಸ್‌ಪ್ರೆಶನ್'. ಇಂಥದ್ದೇ ಪದ ಅಂತಲ್ಲ, ಇಂಥ ರೂಪದ್ದು ಯಾವುದಿದ್ದರೂ ಹುಡುಕು ಅಂತ ಯಂತ್ರಕ್ಕೆ ಹೇಳುವ ಭಾಷೆ. ಇದರ ಗಣಿತವನ್ನು ಅಮೆರಿಕದ ಕ್ಲೀನಿ ಎಂಬ ತರ್ಕಶಾಸ್ತ್ರಜ್ಞ 1950ರ ದಶಕದಲ್ಲಿ ಕಟ್ಟಿದ್ದಂತೆ. ಕಂಪ್ಯೂಟರಿನಲ್ಲಿ ಪಠ್ಯ ಹುಡುಕಲು ಅದನ್ನು ಬಳಸುವ ಬಗೆಯನ್ನು ಕೆನ್ ಥಾಂಪ್ಸನ್ 1968ರಲ್ಲಿ ಬರೆದು ಪ್ರಕಟಿಸಿದ. ಈ ಭಾಷೆಯಲ್ಲಿ ಕೆಲವು ಗುರುತುಗಳಿಗೆ ವಿಶೇಷ ಅರ್ಥ. ಚುಕ್ಕಿ ಅಂದರೆ 'ಇಲ್ಲಿ ಯಾವ ಒಂದು ಅಕ್ಷರ ಬೇಕಾದರೂ ಇರಲಿ'. ನಕ್ಷತ್ರದ ಗುರುತು ಅಂದರೆ 'ಹಿಂದಿನದು ಎಷ್ಟು ಸಲ ಬೇಕಾದರೂ ಬರಲಿ'. ಈ ಚುಕ್ಕಿಯನ್ನೂ ನೆನಪಿಟ್ಟುಕೊಳ್ಳಿ.

ಅವನು ಹೇಳಿಕೊಟ್ಟದ್ದು 'ಸೆಡ್' ಎಂಬ ಹಳೆಯ ಕಮಾಂಡ್. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ, ಇಲ್ಲಿ ಓದಲು ಅನುಕೂಲವಾಗಲಿ ಅಂತ ಕನ್ನಡದಲ್ಲಿ ಬರೆಯುತ್ತೇನೆ.

ಸೆಡ್ 'ಎಸ್/@ಹೆಸರು@/$ಹೆಸರು/ಜಿ'

ಎಸ್ ಅಂದರೆ ಬದಲಿಸು. ಮೊದಲ ಎರಡು ಗೀಟುಗಳ ನಡುವೆ ಹುಡುಕಬೇಕಾದ್ದು, ಆಮೇಲೆ ಹಾಕಬೇಕಾದ್ದು. ಕೊನೆಯ ಜಿ ಅಂದರೆ ಸಾಲಿನಲ್ಲಿ ಎಷ್ಟು ಕಡೆ ಇದ್ದರೂ ಎಲ್ಲ ಕಡೆ. ಡಾಲರ್ ಗುರುತು ಇದ್ದರೆ ಅದು ವೇರಿಯಬಲ್.

ಅವನು ಊಟಕ್ಕೆ ಎದ್ದ ಮೇಲೆ ನಾನೇ ಟೈಪ್ ಮಾಡಿ ಓಡಿಸಿದೆ. 43 ಪತ್ರ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ತಯಾರು! ತೆಗೆದು ನೋಡಿದರೆ 43 ಮಕ್ಕಳ ಹೆಸರೂ ಒಂದೇ. ಡಾಲರ್ ಗುರುತು, ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ಹೆಸರು'. ಕಾರಣ ಆ ಒಂಟಿ ಉದ್ಧರಣ ಚಿಹ್ನೆ. ಒಂಟಿ ಚಿಹ್ನೆಯ ಒಳಗೆ ಬರೆದದ್ದನ್ನು ಯಂತ್ರ ಇದ್ದದ್ದು ಇದ್ದ ಹಾಗೆ ತೆಗೆದುಕೊಳ್ಳುತ್ತದೆ, ಪಾತ್ರೆಯ ಮುಚ್ಚಳ ತೆರೆದು ಒಳಗೇನಿದೆ ಅಂತ ನೋಡುವುದಿಲ್ಲ. ಜೋಡಿ ಚಿಹ್ನೆ ಹಾಕಿದರೆ ಮಾತ್ರ ನೋಡುತ್ತದೆ. ಹೊಸದಾಗಿ ಕಲಿಯುವ ಎಲ್ಲರೂ ಇಲ್ಲಿ ಒಂದು ಸಲ ಎಡವುತ್ತಾರಂತೆ. ನನಗೂ ಆಯಿತು.

ಜೋಡಿ ಚಿಹ್ನೆ ಹಾಕಿದೆ. ಹೆಸರು ಸರಿ ಬಂತು, ಹುಟ್ಟಿದ ದಿನ ಕೈಕೊಟ್ಟಿತು. 14/06/2005 ಅನ್ನುವುದರಲ್ಲಿ ಎರಡು ಓರೆಗೀಟು ಇವೆಯಲ್ಲ. ಕಮಾಂಡಿನಲ್ಲೂ ಅದೇ ಓರೆಗೀಟಿನಿಂದ ಭಾಗ ಮಾಡಿದ್ದೇವೆ. 14 ಆದಮೇಲೆ ಬದಲಾವಣೆ ಮುಗಿಯಿತು ಅಂತ ಅದು ತಿಳಿಯಿತು, ಉಳಿದ '06/2005' ಅರ್ಥವಾಗದೆ ದೂರು ಹೇಳಿತು. ಅದಕ್ಕೆ ಪರಿಹಾರ ಸುಲಭ. ಓರೆಗೀಟಿನ ಬದಲು ನೆಟ್ಟಗಿನ ಗೀಟು ಹಾಕಿ ಭಾಗ ಮಾಡಬಹುದು, ಸೆಡ್ ಒಪ್ಪುತ್ತದೆ.

ಆಗ ಅವನು ತನ್ನ ಆಫೀಸಿನ ಒಂದು ಕಥೆ ಹೇಳಿದ. ತಿರುಪ್ಪೂರಿನ ಕಂಪನಿಗಳ ಹೆಸರಿನಲ್ಲಿ 'ಇಂಥವರು & ಸನ್ಸ್' ಅಂತ ಇರುವುದು ಹೆಚ್ಚು. ಸೆಡ್‌ಗೆ & ಗುರುತಿನ ಅರ್ಥವೇ ಬೇರೆ. ಹಾಕಬೇಕಾದ ಪಠ್ಯದಲ್ಲಿ & ಬಂದರೆ 'ಈಗ ಹುಡುಕಿ ಸಿಕ್ಕಿತಲ್ಲ, ಅದನ್ನೇ ಇಲ್ಲಿ ಮತ್ತೆ ಹಾಕು' ಅಂತ. ಒಂದು ಸಲ ನೂರಾರು ಚೀಟಿಗಳಲ್ಲಿ ಕಂಪನಿಯ ಹೆಸರಿನ ನಡುವೆ @ಕಂಪನಿ@ ಅಂತ ಅಚ್ಚಾಗಿ, ಎಲ್ಲ ಕಿತ್ತು ಮತ್ತೆ ಅಂಟಿಸಿದರಂತೆ.

ಇಷ್ಟರಲ್ಲೇ ಒಂದು ಮಾತು ನನಗೆ ಹೊಳೆಯಬೇಕಿತ್ತು. ಈ ಕೊನೆಯ ಎರಡೂ ತಪ್ಪಿನ ಬೇರು ಒಂದೇ. ಪಾತ್ರೆಯೊಳಗೆ ಇರುವುದು ಒಬ್ಬರ ಹೆಸರು, ಒಬ್ಬರ ಹುಟ್ಟಿದ ದಿನ. ಆದರೆ ಯಂತ್ರ ಅದನ್ನೂ ನಮ್ಮ ಆಜ್ಞೆಯ ಭಾಗ ಅಂತ ಓದಿಬಿಡುತ್ತದೆ. ಆಗ ನಗುತ್ತಾ ಕೂತಿದ್ದೆ, ಹೊಳೆಯಲಿಲ್ಲ.

ವ್ಯಾಕರಣದ ತೊಡಕೂ ಒಂದು ಬಂತು. ಅದು ಮಾತ್ರ ನನ್ನ ವಿಷಯ. ಹಳೇ ಪತ್ರದಲ್ಲಿ 'ಮಾದನು ನಮ್ಮ ಶಾಲೆಯಲ್ಲಿ...' ಅಂತ ಇತ್ತು. '@ಹೆಸರು@ನು' ಅಂತ ಮಾಡಿದರೆ ಹುಡುಗಿಯರೆಲ್ಲ 'ಮಾದೇವಿನು', 'ಗೌರಿನು' ಆಗುತ್ತಾರೆ. ಇಂಗ್ಲಿಷಿನಲ್ಲಿ ಹೆಸರನ್ನು ಹಾಗೇ ತಂದು ಕೂರಿಸಬಹುದು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೆ ಅಂಟಿಕೊಳ್ಳುತ್ತದೆ. ಮಾದನ, ಗೌರಿಯ, ರಾಜುವಿನ ಅಂತ ಹೆಸರಿನ ಕೊನೆಯ ಸ್ವರ ನೋಡಿ ರೂಪ ಬದಲಿಸುತ್ತದೆ. ಯಂತ್ರಕ್ಕೆ ಇದನ್ನೆಲ್ಲ ಕಲಿಸುವ ಬದಲು ವಾಕ್ಯವನ್ನೇ ಬದಲಿಸಿದೆ. '@ಹೆಸರು@ ಎಂಬ ವಿದ್ಯಾರ್ಥಿಯು' ಅಂತ, ಹುಡುಗಿಯರಿಗೆ 'ಎಂಬ ವಿದ್ಯಾರ್ಥಿನಿಯು' ಅಂತ. 'ಎಂಬ' ಅನ್ನುವ ಆ ಎರಡಕ್ಷರ ಬಂದ ಕೂಡಲೇ ಹೆಸರು ಬಿಡಿಯಾಗಿ, ನೆಮ್ಮದಿಯಾಗಿ ನಿಂತಿತು. ಪ್ರತ್ಯಯದ ಭಾರವನ್ನೆಲ್ಲ 'ವಿದ್ಯಾರ್ಥಿ' ಹೊತ್ತುಕೊಂಡ. ಅಳಿಯ ಖುಷಿಯಿಂದ, "ಇದು ನನಗೆ ಬರ್ತಿರಲಿಲ್ಲ ಮಾಮಾ" ಅಂದ. ನನಗೂ ಸ್ವಲ್ಪ ಜಂಬ ಬಂತು ಅನ್ನಿ.

ವಿಳಾಸಗಳದ್ದು ಇನ್ನೊಂದು ಕೆಲಸವಿತ್ತು. ತಂದೆ ತಾಯಿ ಕೆಲಸ ಮಾಡುವ ಊರುಗಳ ವಿಳಾಸ ಹಳೇ ಫೈಲಿನಿಂದ ಬಂದದ್ದು. ಅದರಲ್ಲಿ 'ಪಲ್ಲಡಂ, ಕೊಯಮತ್ತೂರು ಜಿಲ್ಲೆ', 'ಕಾಂಗೇಯಂ, ಈರೋಡು ಜಿಲ್ಲೆ' ಅಂತೆಲ್ಲ ಇತ್ತು. ತಿರುಪ್ಪೂರು ಜಿಲ್ಲೆ ಹುಟ್ಟಿದ್ದು 2009ರಲ್ಲಿ. ಕೊಯಮತ್ತೂರಿನಿಂದ ತಿರುಪ್ಪೂರು, ಅವಿನಾಶಿ, ಪಲ್ಲಡಂ, ಉಡುಮಲೈಪೇಟೆ, ಈರೋಡಿನಿಂದ ಧಾರಾಪುರಂ, ಕಾಂಗೇಯಂ ಆ ಕಡೆ ಹೋದವು. ಹಾಗಂತ 'ಕೊಯಮತ್ತೂರು ಜಿಲ್ಲೆ' ಅಂತ ಕಂಡಲ್ಲೆಲ್ಲ ಬದಲಿಸುವ ಹಾಗಿಲ್ಲ. ಮೇಟ್ಟುಪಾಳ್ಯ, ಪೊಳ್ಳಾಚಿ ಈಗಲೂ ಕೊಯಮತ್ತೂರೇ. ಊರು ನೋಡಿ ಜಿಲ್ಲೆ ಬದಲಾಗಬೇಕು, ಊರು ಮಾತ್ರ ಹಾಗೇ ಉಳಿಯಬೇಕು. ಅದಕ್ಕೂ ದಾರಿ ಇದೆ.

ಹುಡುಕಬೇಕಾದ್ದು: (ಪಲ್ಲಡಂ|ಅವಿನಾಶಿ|ಉಡುಮಲೈಪೇಟೆ), ಕೊಯಮತ್ತೂರು ಜಿಲ್ಲೆ
ಹಾಕಬೇಕಾದ್ದು: \1, ತಿರುಪ್ಪೂರು ಜಿಲ್ಲೆ

ಕಂಸದೊಳಗೆ ಯಾವ ಊರು ಸಿಕ್ಕಿತೋ ಅದನ್ನು ಯಂತ್ರವೇ ಒಂದು ಪಾತ್ರೆಯಲ್ಲಿ ಇಟ್ಟುಕೊಂಡು \1 ಇರುವಲ್ಲಿ ವಾಪಸು ಕೊಡುತ್ತದೆ. ಇದೂ ಒಂದು ವೇರಿಯಬಲ್ಲೇ, ತುಂಬುವವರು ಮಾತ್ರ ನಾವಲ್ಲ. ಬಹಳ ಇಷ್ಟವಾಯಿತು ನನಗೆ. ಜಿಲ್ಲೆಯ ಹೆಸರನ್ನೂ ಪ್ರೋಗ್ರಾಮಿನ ತಲೆಯಲ್ಲಿ ಒಂದೇ ಕಡೆ ವೇರಿಯಬಲ್ ಮಾಡಿ ಇಡಿ ಅಂತ ಅಳಿಯ ಬುದ್ಧಿ ಹೇಳಿದ. ನಿಮಗೂ ನೆನಪಿರಬಹುದು, 2020ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ 1018 ಊರುಗಳ ಇಂಗ್ಲಿಷ್ ಸ್ಪೆಲಿಂಗನ್ನು ತಮಿಳು ಉಚ್ಚಾರಣೆಗೆ ತಕ್ಕಂತೆ ಬದಲಿಸಿ ಆದೇಶ ಹೊರಡಿಸಿತು. ಕೊಯಮತ್ತೂರೂ ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ಊರಿನ ಹೆಸರನ್ನು ನೂರು ಫೈಲುಗಳಲ್ಲಿ ಬಿಡಿಬಿಡಿಯಾಗಿ ಬರೆದಿಟ್ಟವರು ಎರಡು ಸಲ ನೂರು ಫೈಲು ತಿದ್ದಬೇಕು. ಒಂದೇ ಕಡೆ ಇಟ್ಟವರಿಗೆ ಎರಡು ಸಾಲಿನ ಕೆಲಸ!

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಊರಿಗೆ ಹೊರಡುವ ಹಿಂದಿನ ದಿನ ಹೆಡ್ ಮಾಸ್ತರು ಫೋನ್ ಮಾಡಿದರು. 11 ಜನರ ಹೆಸರು ತಿದ್ದುಪಡಿಗೆ ಅನುಮತಿ ಬಂದಿದೆ, ಅದನ್ನೂ ಪಟ್ಟಿಯಲ್ಲಿ ಸೇರಿಸಿ ಅಂತ. ಶಾಲೆಗೆ ಸೇರಿಸುವಾಗ ಅಜ್ಜಿ ಹೇಳಿದ್ದು ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ನಮ್ಮ ಕಡೆ ಇದು ಮಾಮೂಲು. ಒಬ್ಬ ಹುಡುಗನ ತಂದೆ 'ಮಾದ' ಅಂತ ಇದ್ದದ್ದು 'ಮಾದಪ್ಪ' ಆಗಬೇಕು. 'ನ.ರಾಜ' ಅಂತ ಇದ್ದವನು 'ನ.ರಾಜಪ್ಪ'. 'ರವಿ' ಇದ್ದದ್ದು 'ರವಿಕುಮಾರ್'. ಹೀಗೆ ಹನ್ನೊಂದು ಜೋಡಿ.

ಇದಕ್ಕೆ ಸೆಡ್ ಬೇಡ, ಪೈಥಾನ್‌ನಲ್ಲಿ ಬರೆಯೋಣ ಅಂದ ಅಳಿಯ. ಹಳೇ ಹೆಸರು ಒಂದು ವೇರಿಯಬಲ್, ಹೊಸ ಹೆಸರು ಇನ್ನೊಂದು. ಇಡೀ ಪಟ್ಟಿಯಲ್ಲಿ ಹಳೆಯದನ್ನು ಹುಡುಕಿ ಹೊಸದು ಹಾಕುವುದು. ಗಮನಿಸಿ, ಇದುವರೆಗೆ ಹಾಕಬೇಕಾದ್ದು ಮಾತ್ರ ವೇರಿಯಬಲ್ ಆಗಿತ್ತು. ಈಗ ಹುಡುಕಬೇಕಾದ್ದೂ ವೇರಿಯಬಲ್. ಮನುಷ್ಯರ ಹೆಸರೇ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಗಿ ಕೂತಿತು.

ಓಡಿಸಿದೆವು. ಪಟ್ಟಿಯಲ್ಲಿ ನೋಡಿದರೆ 'ನ.ರಾಜಪ್ಪ' ಇಬ್ಬರು! ನಟರಾಜ ಅನ್ನುವ ಹುಡುಗ ಕಾಣೆ. ಚುಕ್ಕಿ ನೆನಪಿದೆಯಲ್ಲ? ನಾವು ಇನಿಷಿಯಲ್ ಅಂತ ಇಟ್ಟ ಚುಕ್ಕಿ ಯಂತ್ರಕ್ಕೆ 'ಯಾವ ಅಕ್ಷರ ಬೇಕಾದರೂ' ಆಯಿತು. ನ, ಯಾವುದೋ ಒಂದು, ಆಮೇಲೆ ರಾಜ. ನಟರಾಜ ಅದಕ್ಕೆ ಸರಿಯಾಗಿ ಹೊಂದಿದ! ತಂದೆಯ ಹೆಸರಿನ ಮೊದಲಕ್ಷರ, ಚುಕ್ಕಿ, ಆಮೇಲೆ ಹೆಸರು ಬರೆಯುವ ತಮಿಳುನಾಡಿನಲ್ಲಿ ಈ ಅಪಾಯ ಎಲ್ಲ ಶಾಲೆಗೂ ಇದೆ.

ಅಳಿಯ ತಲೆ ಚಚ್ಚಿಕೊಂಡು, "ಎಸ್ಕೇಪ್ ಮಾಡೋದು ಮರೆತೆ" ಅಂದ. ಹೆಸರನ್ನು ಮಾದರಿಯಾಗಿ ಬಳಸುವ ಮೊದಲು 'ರೀ.ಎಸ್ಕೇಪ್' ಎಂಬುದಕ್ಕೆ ಕೊಡಬೇಕು. ಅದು ವಿಶೇಷ ಅರ್ಥದ ಪ್ರತಿ ಗುರುತಿನ ಮುಂದೆ ಒಂದು \ ಹಾಕಿ, 'ಇದು ಬರೀ ಚುಕ್ಕಿ, ಬೇರೇನೂ ಅರ್ಥ ಕಲ್ಪಿಸಬೇಡ' ಅಂತ ಹೇಳುತ್ತದೆ. ಪರ್ಲ್ ಭಾಷೆಯಲ್ಲೂ ಇದಕ್ಕೆ ಬೇರೆ ಗುರುತಿದೆ. ಸರಿಮಾಡಿದ. ಹಾಗೇ ನನ್ನ 'ರಂಗಸ್ವಾಮಿರಿ' ಕಥೆ ನೆನೆದು, ಪೂರ್ತಿ ಪದ ಇದ್ದರೆ ಮಾತ್ರ ಬದಲಿಸು ಅಂತ ಹೆಸರಿನ ಹಿಂದೆ ಮುಂದೆ 'ಪದದ ಗಡಿ' ಎಂಬ ಗುರುತನ್ನೂ ಸೇರಿಸಿದ. \ ಹಾಕಿ ಪಕ್ಕದಲ್ಲಿ ಬಿ. ಈಗ 'ಮಾದರಿ' ಕೆಡಲಿಲ್ಲ. ನಟರಾಜ ವಾಪಸು ಬಂದ. 'ರವಿ' ಮಾತ್ರ ಯಾಕೋ ರವಿಕುಮಾರ್ ಆಗಲಿಲ್ಲ. "ಇರಲಿ ಬಿಡು" ಅಂತ ನಾನೇ ಕೈಯಲ್ಲಿ ತಿದ್ದಿದೆ. ಯಾಕೆ ಆಗಲಿಲ್ಲ ಅಂತ ಕೇಳಲಿಲ್ಲ. ಕೇಳಬೇಕಿತ್ತು.

ಜೂನ್‌ನಲ್ಲಿ ಶಾಲೆ ಶುರುವಾಯಿತು. 43 ಪತ್ರ ಅಚ್ಚಾದವು, ಸಹಿ ಬಿತ್ತು, ಮೊಹರು ಬಿತ್ತು. ತಿರುಪ್ಪೂರಿಗೆ ಹೋಗುವವರ ಕೈಯಲ್ಲಿ ಆ ಕಡೆಯವರ ಪತ್ರಗಳನ್ನು ಕಳಿಸಿದೆವು.

ಒಂದು ವಾರ ಆಗಿರಬೇಕು. ಮಧ್ಯಾಹ್ನದ ಊಟದ ಗಂಟೆ ಹೊಡೆಯುವಾಗ ಗೇಟಿನ ಹತ್ತಿರ ಒಬ್ಬಳು ಹುಡುಗಿ. ನಮ್ಮಲ್ಲೇ ಹತ್ತನೇ ತರಗತಿ ಮುಗಿಸಿದವಳು. ನಿಜವಾದ ಹೆಸರು ಬೇಡ, ಬೀಜಗಣಿತದ ಎಕ್ಸ್ ಇದ್ದ ಹಾಗೆ ಮಾದೇವಿ ಅಂತಿಟ್ಟುಕೊಳ್ಳಿ. ತಿರುಪ್ಪೂರಿನಲ್ಲಿ ಅಮ್ಮನ ಜೊತೆ ಬನಿಯನ್ ಚೆಕಿಂಗ್ ಕೆಲಸ ಮಾಡುತ್ತಿದ್ದಳು. ನರ್ಸಿಂಗ್ ಓದಬೇಕು, ಕರ್ನಾಟಕದಲ್ಲಿ ಅರ್ಜಿ ಹಾಕುತ್ತೇನೆ ಅಂದಿದ್ದಳು. ಕೈಯಲ್ಲಿ ಮಡಚಿದ ಪತ್ರ.

"ಸಾರ್, ನನ್ನ ಹೆಸ್ರೊಳಗೆ ಮಾದಪ್ಪ ಯಾಕ್ ಬಂದ?" ಅಂದಳು.

ಬಿಡಿಸಿ ನೋಡಿದೆ. 'ಮಾದಪ್ಪೇವಿ ಎಂಬ ವಿದ್ಯಾರ್ಥಿನಿಯು...' ಅಂತ ಇತ್ತು.

ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. "ದೇವ್ರು ಸರಿ ಸಾರ್, ನಮ್ಮ ಮಾದಪ್ಪನೇ. ಆದ್ರೆ ಅರ್ಜಿ ತಗಳೋರು ಒಪ್ತಾರಾ?" ಅಂತ ನಗಲು ನೋಡಿದಳು. ಕಣ್ಣಲ್ಲಿ ನೀರಿತ್ತು. ಅರ್ಜಿಗೆ ಉಳಿದದ್ದು ಎರಡೇ ದಿನ. ಹಿಂದಿನ ದಿನ ಮಧ್ಯಾಹ್ನ ರಜೆ ಹಾಕಿ, ರಾತ್ರಿ ಸತ್ಯಮಂಗಲದಲ್ಲಿ ನೆಂಟರ ಮನೆಯಲ್ಲಿ ಉಳಿದು, ಬೆಳಗಿನ ಬಸ್ಸಿಗೆ ಘಾಟಿ ಹತ್ತಿ ಬಂದಿದ್ದಳು. ಎರಡು ದಿನದ ಕೂಲಿ ಹೋಯಿತು.

ಕಂಪ್ಯೂಟರ್ ಮುಟ್ಟಲಿಲ್ಲ. ಶಾಲೆಯ ಹೆಸರಿರುವ ಕಾಗದ ತೆಗೆದುಕೊಂಡು ಪೂರ್ತಿ ಪತ್ರವನ್ನು ನನ್ನ ಕೈಯಿಂದಲೇ ಬರೆದೆ. ಹೆಸರು ಬರೆಯುವಾಗ ಒಂದೊಂದಕ್ಷರ ಅವಳಿಗೆ ತೋರಿಸಿ ಬರೆದೆ. ಹೆಡ್ ಮಾಸ್ತರು ಊಟ ಬಿಟ್ಟು ಬಂದು ಸಹಿ ಹಾಕಿದರು. ಬಸ್ ಚಾರ್ಜಿಗೆ ಅಂತ ದುಡ್ಡು ಕೊಡಹೋದೆ, "ಬ್ಯಾಡ ಸಾರ್" ಅಂತ ತೆಗೆದುಕೊಳ್ಳಲಿಲ್ಲ. ಅರ್ಜಿ ಕೊನೇ ದಿನ ತಲುಪಿತು. ಈಗ ಓದುತ್ತಿದ್ದಾಳೆ. ಅದೊಂದು ಸಮಾಧಾನ.

ಆವತ್ತು ರಾತ್ರಿ ಅಳಿಯನಿಗೆ ಫೋನ್ ಮಾಡಿದೆ. ಪೂರ್ತಿ ಪದ ಇದ್ದರೆ ಮಾತ್ರ ಅಂತ ಹೇಳಿದ್ದೆವಲ್ಲ, 'ಮಾದೇವಿ' ಒಳಗಿನ 'ಮಾದ' ಹೇಗೆ ಸಿಕ್ಕಿದ? ಅವನಿಗೂ ತಿಳಿಯಲಿಲ್ಲ. ಎರಡು ದಿನ ಬಿಟ್ಟು ಕಾರಣ ಕಂಡುಹಿಡಿದ. ಅದನ್ನು ಕೇಳಿ ನನಗೆ ಒಂದನೇ ತರಗತಿಯ ಪಾಠ ನೆನಪಾಯಿತು.

ಯುನಿಕೋಡ್‌ನಲ್ಲಿ 'ಮಾದೇವಿ' ಮೂರಕ್ಷರವಲ್ಲ, ಆರು ಗುರುತು. ಮ, ಅದರ ಪಕ್ಕದ ದೀರ್ಘದ ಗುರುತು, ದ, ಏತ್ವದ ಗುರುತು, ವ, ಗುಡಿಸು. ನಾವು ಕಾಗುಣಿತ ಕಲಿಸುವುದೂ ಹೀಗೇ ತಾನೆ? ಆದರೆ ಪೈಥಾನ್‌ನ ಆ ಸಾಮಗ್ರಿಗೆ ಮ, ದ, ವ ಮಾತ್ರ 'ಪದದ ಅಕ್ಷರ'. ಸ್ವರ ಚಿಹ್ನೆಗಳು ಅದರ ಲೆಕ್ಕದಲ್ಲಿ ಅಕ್ಷರವೇ ಅಲ್ಲ, ಅಲ್ಪವಿರಾಮ ಇದ್ದ ಹಾಗೆ. ಹಾಗಾಗಿ 'ದ' ಆದಮೇಲೆ ಏತ್ವ ಬಂದ ಕೂಡಲೇ 'ಪದ ಮುಗಿಯಿತು, ಇದೇ ಗಡಿ' ಅಂತ ತಿಳಿದು, ಮಾದನನ್ನು ಕಿತ್ತು ಮಾದಪ್ಪನನ್ನು ಕೂರಿಸಿತು. ಉಳಿದ ಏತ್ವ ಹೋಗಿ ಮಾದಪ್ಪನಿಗೆ ಅಂಟಿಕೊಂಡಿತು. 'ಮಾದರಿ'ಯಲ್ಲಿ ದ ಆದಮೇಲೆ ನೇರ ರ ಬರುವುದರಿಂದ ಅದು ಬಚಾವಾಗಿತ್ತು. 'ರವಿ' ಸಿಗದೇ ಹೋದದ್ದಕ್ಕೂ ಇದೇ ಕಾರಣ. ರವಿಯ ಕೊನೆಯಲ್ಲಿ ಗುಡಿಸು ಇದೆ, ಅದು ಅಕ್ಷರವಲ್ಲವಾದ್ದರಿಂದ ಅದರ ಆಚೆ ಗಡಿಯೇ ಇಲ್ಲ! ಆವತ್ತು ರವಿ ಯಾಕೆ ಸಿಗಲಿಲ್ಲ ಅಂತ ಒಂದು ಮಾತು ಕೇಳಿದ್ದರೆ ಮಾದೇವಿ ಎರಡು ದಿನದ ಕೂಲಿ ಕಳೆದುಕೊಳ್ಳುತ್ತಿರಲಿಲ್ಲ.

ತಮಿಳಿಗೂ ಇದೇ ಗತಿಯಂತೆ. ಅಳಿಯನ ಲೇಬಲ್‌ಗಳೆಲ್ಲ ಇಂಗ್ಲಿಷಿನವು, ಅದಕ್ಕೇ ಅವನಿಗೆ ಗೊತ್ತಿರಲಿಲ್ಲ. ಪರಿಹಾರವನ್ನೂ ಕಂಡುಕೊಂಡ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಅಂತ 128 ಸ್ಥಾನಗಳ ಒಂದು ಓಣಿ ಇದೆ. ಅಕ್ಷರ, ಕಾಗುಣಿತದ ಗುರುತು, ಅಂಕಿ ಎಲ್ಲ ಅಲ್ಲೇ. 'ಪದದ ಗಡಿ' ಅನ್ನುವ ಬದಲು, 'ಹೆಸರಿನ ಹಿಂದೆಯೂ ಮುಂದೆಯೂ ಆ ಓಣಿಯ ಯಾವ ಗುರುತೂ ಇರಬಾರದು' ಅಂತ ಬರೆದರೆ ಆಯಿತು. ಈಗ ಮಾದ ಬೇರೆ, ಮಾದೇವಿ ಬೇರೆ, ರವಿಯೂ ಸಿಗುತ್ತಾನೆ.

ಆದರೆ ಅದಕ್ಕಿಂತ ಒಳ್ಳೆಯ ಪರಿಹಾರ ನಮ್ಮ ಹಳೇ ದಾಖಲಾತಿ ಪುಸ್ತಕದಲ್ಲೇ ಇತ್ತು. ಪ್ರತಿ ಮಗುವಿಗೂ ಒಂದು ದಾಖಲಾತಿ ಸಂಖ್ಯೆ ಇದೆಯಲ್ಲ. ಹೆಸರು ತಿದ್ದುವಾಗ ಹೆಸರನ್ನು ಹುಡುಕಬೇಕಾಗೇ ಇಲ್ಲ, ಆ ಸಂಖ್ಯೆಯ ಸಾಲಿಗೆ ನೇರ ಹೋಗಿ ಅದೊಂದನ್ನೇ ತಿದ್ದಬಹುದು. ಈಗ ಹಾಗೇ ಮಾಡುತ್ತೇನೆ. ಹೆಸರು ಬಂದಾಗಲೆಲ್ಲ ಎಸ್ಕೇಪ್ ಮಾಡುತ್ತೇನೆ. ತಿದ್ದುವ ಮೊದಲು ಮೂಲ ಪಟ್ಟಿಯ ಒಂದು ಪ್ರತಿ ತೆಗೆದಿಡುತ್ತೇನೆ. ಮುಗಿದ ಮೇಲೆ ಯಾವ ಯಾವ ಸಾಲು ಬದಲಾಯಿತು ಅಂತ ಎರಡನ್ನೂ ಹೋಲಿಸುತ್ತೇನೆ. ಹನ್ನೊಂದು ತಿದ್ದುಪಡಿಗೆ ಹನ್ನೆರಡು ಸಾಲು ಬದಲಾಗಿದ್ದರೆ ಅಲ್ಲಿಗೇ ನಿಲ್ಲುತ್ತೇನೆ.

ಇಷ್ಟೆಲ್ಲ ಆದಮೇಲೂ ಒಂದು ಮಾತು ಮನಸ್ಸಿನಲ್ಲಿ ಉಳಿದಿದೆ. ಪ್ರೋಗ್ರಾಮ್ ಬರೆದವನಿಗೆ ಕನ್ನಡ ಓದಲು ಬಾರದು. 'ಮಾದಪ್ಪೇವಿ' ಅವನ ಕಣ್ಣ ಮುಂದೆಯೇ ಇತ್ತು, ಅವನಿಗೆ ಅದು ಸುಂದರ ಸುರುಳಿಗಳು ಅಷ್ಟೇ. ಯಂತ್ರಕ್ಕೆ ಕಾಗುಣಿತ ಗೊತ್ತಿಲ್ಲ. ಆ ಕೋಣೆಯಲ್ಲಿ ಕನ್ನಡ ಓದಬಲ್ಲವನು ನಾನೊಬ್ಬನೇ ಇದ್ದೆ, ನಾನು ಓದಲಿಲ್ಲ. ಯಂತ್ರ ಮಾಡಿದ್ದು ಸರಿ ಇರುತ್ತದೆ ಅಂತ ಸಹಿಗೆ ಕೊಟ್ಟುಬಿಟ್ಟೆ. ಗಡಿಯ ಈಚೆ ನಮಗೆ ಸಂಬಳ ಕೊಡುವುದು ಆ ಅಕ್ಷರ ಓದಿಸುವುದಕ್ಕೆ ತಾನೆ?

ಈಗ ಪ್ರತಿ ಪತ್ರ ಅಚ್ಚಾದ ಮೇಲೆ ಎಂಟನೇ ತರಗತಿಯ ಇಬ್ಬರು ಮಕ್ಕಳನ್ನು ಕೂರಿಸುತ್ತೇನೆ. ಒಬ್ಬರು ಪತ್ರದ ಹೆಸರನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ದಾಖಲಾತಿ ಪುಸ್ತಕ ನೋಡಿ 'ಸರಿ' ಅನ್ನಬೇಕು. ಮಕ್ಕಳಿಗೆ ಇದು ಬಹಳ ಇಷ್ಟದ ಕೆಲಸ. ಮೊನ್ನೆ ಒಂದು ತಪ್ಪು ಹಿಡಿದರು ಕೂಡ, ಅದು ಯಂತ್ರದ್ದಲ್ಲ, ನಾನು ಟೈಪ್ ಮಾಡಿದ್ದು!

ನಿಮ್ಮ ಶಾಲೆಯಲ್ಲಿ ಇಂಥದ್ದು ಆಗಿದ್ದರೆ ನೀವೂ ಬರೆಯಿರಿ. ನಗುವುದಕ್ಕಲ್ಲ, ಇನ್ನೊಬ್ಬ ಮಾದೇವಿ ಬೆಟ್ಟ ಹತ್ತಿ ಬರದೇ ಇರಲಿ ಅಂತ.